ಮಾಷ್ಟ್ರಲ್ಲಿ ಕೇಳಿ: ನಿನ್ನೆಯ ಮಿತ್ರ ಇಂದು ಸರ್ವಾಧಿಕಾರಿಯಾಗುವುದು ಹೇಗೆ?

ನಿರ್ವಾಹಕರು: ಕಾಸರಗೋಡಿನ ನಮ್ಮ ಓದುಗರ ಗುಂಪಿನಲ್ಲಿ ಈ ವಾರ ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕರು ಉತ್ತರಿಸಲು ಒಪ್ಪಿದ್ದಾರೆ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ಬದಿಯಡ್ಕದಿಂದ: ಮಾಷ್ಟ್ರೇ, ನಮಸ್ಕಾರ. ಪ್ರಜಾಪ್ರಭುತ್ವವನ್ನು ಸಾರುವ ದೇಶಗಳು ಸರ್ವಾಧಿಕಾರಿಗಳ ಸ್ನೇಹವನ್ನು ಏಕೆ ಮಾಡುತ್ತವೆ?

ಮಾಷ್ಟ್ರು: ನಮಸ್ಕಾರ. ಬೇಕಾದುದು ಅವರ ಕೈಯಲ್ಲಿರುವುದರಿಂದ. ಪೋರ್ಚುಗಲ್ ಸರ್ವಾಧಿಕಾರಿ ಸಲಜಾರನ ಹಿಡಿತದಲ್ಲಿದ್ದಾಗಲೇ, 1949ರಲ್ಲಿ, ಅಮೆರಿಕದ ನೇತೃತ್ವದ ಸೇನಾ ಒಕ್ಕೂಟವಾದ ನ್ಯಾಟೋದ ಸ್ಥಾಪಕ ಸದಸ್ಯನಾಯಿತು. ಅದರ ಅಜೋರ್ಸ್ ದ್ವೀಪದ ವಿಮಾನನೆಲೆ ಅಮೆರಿಕಕ್ಕೆ ಬೇಕಿತ್ತು. 1961ರ ಡಿಸೆಂಬರಿನಲ್ಲಿ ಪೋರ್ಚುಗಲ್ ಆಳುತ್ತಿದ್ದ ಗೋವೆಯ ವಿಮೋಚನೆಯಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ನಮ್ಮ ವಿರುದ್ಧ ನಿಂತವು. ವಿಟೋ ಚಲಾಯಿಸಿ ನಮ್ಮನ್ನು ಉಳಿಸಿದ ಸೋವಿಯತ್ ಒಕ್ಕೂಟವೂ ಪ್ರಜಾಪ್ರಭುತ್ವವಾಗಿರಲಿಲ್ಲ.

ಕುಂಬಳೆಯಿಂದ: 1990ರಲ್ಲಿ ಕುವೈತಿನಿಂದ ಮರಳಿದ ನನ್ನ ತಂದೆ, ಇರಾಕಿನ ಆಕ್ರಮಣದ ಬಳಿಕ ಅಂಗಡಿಯಲ್ಲಿ ನಡೆಯದೆ ಹೋದ ಒಂದು ಕುವೈತಿ ದಿನಾರ್ ನೋಟನ್ನು ಇಂದಿಗೂ ಹಳೆಯ ಪಾಸ್‌ಪೋರ್ಟಿನ ಹಾಳೆಗಳ ನಡುವೆ ಇಟ್ಟುಕೊಂಡಿದ್ದಾರೆ. "ಅದುವರೆಗೂ ಸದ್ದಾಂ ಎಲ್ಲರಿಗೂ ಬೇಕಾದವನಾಗಿದ್ದ" ಎನ್ನುತ್ತಾರೆ. ಇದು ನಿಜವೇ?

ಮಾಷ್ಟ್ರು: ನಿಮ್ಮ ತಂದೆಯವರ ಮಾತು ನನ್ನನ್ನೂ ಬಹಳ ವರ್ಷ ಕಾಡಿದೆ. ಎರಡು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿ. ಮೊದಲನೆಯದು 1983ರ ಡಿಸೆಂಬರ್ 20ರದು: ಅಮೆರಿಕದ ಅಧ್ಯಕ್ಷ ರೇಗನ್ ಅವರ ವಿಶೇಷ ದೂತರಾಗಿ ಬಾಗ್ದಾದಿಗೆ ಹೋದ ಡೊನಾಲ್ಡ್ ರಮ್ಸ್‌ಫೆಲ್ಡ್ ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನರ ಕೈ ಕುಲುಕುತ್ತಿದ್ದಾರೆ. ಇರಾನಿನೊಂದಿಗಿನ ಯುದ್ಧದಲ್ಲಿ ಇರಾಕ್ ವಿಷಾನಿಲ ಬಳಸುತ್ತಿದೆಯೆಂಬುದು ವಾಷಿಂಗ್ಟನ್ನಿಗೆ ಆಗಲೇ ಗೊತ್ತಿತ್ತು. ಆದರೆ ಖೊಮೇನಿಯವರ ಇರಾನ್ ಗೆಲ್ಲಬಾರದೆಂಬುದು ಲೆಕ್ಕಾಚಾರವಾಗಿದ್ದರಿಂದ, ಭಯೋತ್ಪಾದನೆಗೆ ನೆರವಾಗುವ ದೇಶಗಳ ಪಟ್ಟಿಯಿಂದ 1982ರಲ್ಲಿಯೇ ಇರಾಕನ್ನು ಕೈಬಿಟ್ಟಿದ್ದರು. 1984ರಲ್ಲಿ ರಾಯಭಾರ ಸಂಬಂಧವನ್ನೂ ಮತ್ತೆ ಬೆಸೆದರು. 1988ರ ಮಾರ್ಚಿನಲ್ಲಿ ಸದ್ದಾಂ ತಮ್ಮದೇ ದೇಶದ ಹಲಬ್ಜದ ಕುರ್ದ್ ಜನರ ಮೇಲೆ ವಿಷಾನಿಲ ಸುರಿದು ಸಾವಿರಾರು ಮಂದಿಯನ್ನು ಕೊಂದ ಮೇಲೂ, ಅಮೆರಿಕದ ಸೆನೆಟ್ ಒಪ್ಪಿದ ನಿರ್ಬಂಧದ ಮಸೂದೆ ಆಡಳಿತದ ವಿರೋಧ ಎದುರಿಸಿ ಕಾನೂನಾಗದೆ ಉಳಿಯಿತು, ಅಮೆರಿಕದ ಅಕ್ಕಿ ಮತ್ತು ಗೋಧಿ ಸರ್ಕಾರಿ ಸಾಲಖಾತರಿಯ ಮೇಲೆ ಇರಾಕಿಗೆ ಹೋಗುತ್ತಲೇ ಇತ್ತು. 1990ರ ಆಗಸ್ಟ್ 2ರಂದು ಸದ್ದಾಂ ಕುವೈತಿನ ತೈಲಕ್ಕೆ ಕೈ ಹಾಕಿದಾಗಲೇ ಹಲಬ್ಜದ ಹೆಣಗಳು ನೆನಪಾದದ್ದು.

ಎರಡನೆಯ ಚಿತ್ರ ನಮ್ಮದು. ಅದೇ ಆಗಸ್ಟಿನಲ್ಲಿ ನಮ್ಮ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿನಲ್ಲಿ ಸದ್ದಾಮರ ಅಪ್ಪುಗೆಯಲ್ಲಿದ್ದರು. ಟೀಕೆ ಸಾಕಷ್ಟು ಬಂತು. ಆದರೆ ನಿಮ್ಮ ತಂದೆಯವರೂ ಸೇರಿ ಸುಮಾರು 1,70,000 ಭಾರತೀಯರು ಊರು ಸೇರಬೇಕಿತ್ತು. ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು ವಿಮಾನ ಹತ್ತಲು ಇರಾಕಿನ ಒಪ್ಪಿಗೆಯಿಲ್ಲದೆ ದಾರಿಯಿರಲಿಲ್ಲ. ಎರಡೂ ಸ್ವಾರ್ಥವೇ. ಆದರೂ ಪರರ ಸಾವನ್ನು ಕಾಣದಂತೆ ನಟಿಸಿದ ಸ್ವಾರ್ಥವನ್ನೂ ನಮ್ಮವರ ಜೀವಕ್ಕಾಗಿ ಕೆಟ್ಟ ಹೆಸರು ಹೊತ್ತ ಸ್ವಾರ್ಥವನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಉಪ್ಪಳದಿಂದ: *ಫಾರ್ವರ್ಡ್ ಮಾಡಲಾಗಿದೆ:* ಎಲ್ಲ ಪ್ರಜಾಪ್ರಭುತ್ವಗಳು ಒಟ್ಟಾಗಿ ವ್ಯಾಪಾರ ನಿಲ್ಲಿಸಿದರೆ ಯಾವ ಸರ್ವಾಧಿಕಾರಿಯೂ ಆರು ತಿಂಗಳಲ್ಲಿ ಉರುಳುತ್ತಾನೆ. ತಪ್ಪದೆ ಹಂಚಿರಿ.

ಮಾಷ್ಟ್ರು: ಹಂಚಬೇಡಿ. ಇರಾಕಿನ ಮೇಲೆ 1990ರಲ್ಲಿ ವಿಶ್ವಸಂಸ್ಥೆಯೇ ನಿರ್ಬಂಧ ಹೇರಿತು. ಔಷಧವಿಲ್ಲದೆ ನರಳಿದ್ದು ಬಡವರ ಮಕ್ಕಳು. ಸದ್ದಾಂ 2003ರಲ್ಲಿ ಸೈನ್ಯ ನುಗ್ಗುವವರೆಗೂ ಅರಮನೆಯಲ್ಲಿಯೇ ಇದ್ದರು. ಆರು ತಿಂಗಳ ಲೆಕ್ಕ ಬರೆದವರು ಯಾರೆಂದು ದಯವಿಟ್ಟು ತಿಳಿಸಿ.

ನೀಲೇಶ್ವರದಿಂದ: ಮಾಷ್ಟ್ರೇ, ನಮ್ಮ ಸ್ವಾರ್ಥ ಒಳ್ಳೆಯದು, ಅವರದು ಕೆಟ್ಟದ್ದು ಎಂಬುದು ಅನುಕೂಲದ ಮಾತಲ್ಲವೇ?

ಮಾಷ್ಟ್ರು: ಆಕ್ಷೇಪ ಸರಿಯಾಗಿದೆ. ಮ್ಯಾನ್ಮಾರಿನ ವಿಷಯದಲ್ಲಿ ನನ್ನ ಬಳಿ ಸಮರ್ಥನೆಯಿಲ್ಲ. 1988ರಲ್ಲಿ ಅಲ್ಲಿನ ಪ್ರಜಾಪ್ರಭುತ್ವ ಚಳವಳಿಯ ಪರ ನಿಂತು, ಅದರ ನಾಯಕಿ ಆಂಗ್ ಸಾನ್ ಸೂಕಿಯವರಿಗೆ ನೆಹರೂ ಪ್ರಶಸ್ತಿಯನ್ನೂ ಕೊಟ್ಟ ದೆಹಲಿ, 2010ರಲ್ಲಿ ಅವರು ಗೃಹಬಂಧನದಲ್ಲಿದ್ದಾಗಲೇ ಸೇನಾಡಳಿತದ ಮುಖ್ಯಸ್ಥ ಥಾನ್ ಶ್ವೆಯನ್ನು ಗೌರವದಿಂದ ಬರಮಾಡಿಕೊಂಡಿತು. ಈಶಾನ್ಯದ ಬಂಡುಕೋರರು, ಚೀನಾ, 1,643 ಕಿ.ಮೀ. ಗಡಿ: ಕಾರಣಗಳೇನೋ ಇದ್ದವು. ಕಾರಣ ಎಲ್ಲರಿಗೂ ಇರುತ್ತದೆ.

ಮೊಗ್ರಾಲಿನಿಂದ: ನನ್ನ ಮಗ ಗಲ್ಫಿನಲ್ಲಿದ್ದಾನೆ. ಅರಸರು ಆಳುವ ಆ ದೇಶಗಳೊಂದಿಗೆ ನಮ್ಮ ಸರ್ಕಾರ ಸ್ನೇಹದಿಂದಿರುವುದನ್ನು ನಾವು ತಪ್ಪೆನ್ನಬೇಕೇ?

ಮಂಜೇಶ್ವರದಿಂದ: ನೀಲೇಶ್ವರದವರೇ, 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್ ನಡೆಸಿದ ದಾಳಿಯನ್ನು ಒಡನೆಯೇ ಖಂಡಿಸಿದ ಭಾರತ, ಹಂಗೇರಿಗೆ ರಷ್ಯದ ಟ್ಯಾಂಕುಗಳು ನುಗ್ಗಿದಾಗ ತಡವರಿಸಿತಲ್ಲ, ಅದರ ಬಗ್ಗೆ ನಿಮ್ಮವರು ಏನೆನ್ನುತ್ತಾರೆ?

ನೀಲೇಶ್ವರದಿಂದ: 1971ರಲ್ಲಿ ಢಾಕಾದಲ್ಲಿ ಹತ್ಯಾಕಾಂಡ ನಡೆಯುತ್ತಿದ್ದಾಗ, ಚೀನಾದೊಂದಿಗೆ ಮಾತುಕತೆಗೆ ಗುಟ್ಟಿನ ದಾರಿ ಮಾಡಿಕೊಡುತ್ತಿದ್ದಾನೆಂದು ಪಾಕಿಸ್ತಾನದ ಸರ್ವಾಧಿಕಾರಿ ಯಾಹ್ಯಾ ಖಾನನನ್ನು ಅಮೆರಿಕದ ಅಧ್ಯಕ್ಷ ನಿಕ್ಸನ್ ಕಾಪಾಡಿದ್ದಕ್ಕೆ ನೀವು ಮೊದಲು ಉತ್ತರಿಸಿ.

ಮಂಜೇಶ್ವರದಿಂದ: ಕೇಳಿದ್ದಕ್ಕೆ ಉತ್ತರಿಸದೆ ಇನ್ನೊಂದನ್ನು ಕೇಳುವುದು ನಿಮ್ಮ ಹಳೆಯ ಚಾಳಿ.

ನೀಲೇಶ್ವರದಿಂದ: ಓದದೆ ಮಾತನಾಡುವುದು ನಿಮ್ಮದು.

ಪೆರ್ಲದಿಂದ: ಸರ್, ಪ್ರಜಾಪ್ರಭುತ್ವ ದೇಶಗಳು ಸರ್ವಾಧಿಕಾರಿಗಳನ್ನು ಬೆಂಬಲಿಸುವುದೇಕೆ?

ಮಾಷ್ಟ್ರು: ಮೊದಲ ಉತ್ತರವನ್ನು ಓದಿ.

ಉಪ್ಪಳದಿಂದ: ಮಾಷ್ಟ್ರೇ, ಕ್ಯೂಬಾದಲ್ಲಿಯಾದರೂ ನಿರ್ಬಂಧ ಫಲಿಸಿರಬೇಕಲ್ಲವೇ?

ಮಾಷ್ಟ್ರು: ಅಮೆರಿಕದವರು 1962ರಿಂದ ಹೇರಿದ್ದಾರೆ. ಫಿಡೆಲ್ ಕ್ಯಾಸ್ಟ್ರೋ 2008ರವರೆಗೆ ಅಧ್ಯಕ್ಷರಾಗಿದ್ದರು. ಕಳೆಯುವುದು ನಿಮಗೆ ಬರುತ್ತದೆಂದು ಭಾವಿಸುತ್ತೇನೆ.

ಮೊಗ್ರಾಲಿನಿಂದ: ನನ್ನ ಪ್ರಶ್ನೆ ಮೇಲೆಯೇ ಉಳಿದಿದೆ, ಮಾಷ್ಟ್ರೇ.

ಮಂಜೇಶ್ವರದಿಂದ: ಹಂಗೇರಿಯದೂ ಉಳಿದಿದೆ.