ಬಡತನದ ಶೇಕಡಾವಾರು ಇಳಿದರೆ ಬಡವರ ಸ್ಥಿತಿ ಸುಧಾರಿಸಿದೆ ಎಂದೇ ತಿಳಿಯಬೇಕೆ?

ಜಿಜ್ಞಾಸು:

ಅಭಿವೃದ್ಧಿಶೀಲ ರಾಷ್ಟ್ರಗಳ ಬಡತನದ ಬಗ್ಗೆ ಬರುವ ವರದಿಗಳು ಸಾಮಾನ್ಯವಾಗಿ ಒಂದೇ ಅಂಕಿಯ ಸುತ್ತ ಸುತ್ತುತ್ತವೆ: ಜನಸಂಖ್ಯೆಯಲ್ಲಿ ಇಂತಿಷ್ಟು ಪಾಲು ರೇಖೆಗಿಂತ ಕೆಳಗಿದೆ, ಹಿಂದಿನ ಸಮೀಕ್ಷೆಯಲ್ಲಿ ಇಂತಿಷ್ಟಿತ್ತು. ಆ ರೇಖೆಯಾದರೂ ಒಂದೆಡೆ ನಿಂತಿಲ್ಲ. 1990ರಲ್ಲಿ ದಿನಕ್ಕೆ ಒಂದು ಡಾಲರ್ ಎಂದಿದ್ದ ವಿಶ್ವಬ್ಯಾಂಕಿನ ಅಂತರರಾಷ್ಟ್ರೀಯ ರೇಖೆ 2008ರಲ್ಲಿ 1.25, 2015ರಲ್ಲಿ 1.90, 2022ರಲ್ಲಿ 2.15 ಆಗಿ, 2025ರ ಜೂನ್‌ನಲ್ಲಿ 3 ಡಾಲರಿಗೆ ಬಂದು ನಿಂತಿದೆ. ಹೀಗಿರುವಾಗ ಈ ಶೇಕಡಾವಾರನ್ನು ನೆಚ್ಚಿಕೊಂಡು ಒಂದು ಸರ್ಕಾರ ಬಡತನ ನಿವಾರಣೆಯ ಯೋಜನೆ ರೂಪಿಸುವುದು ಎಷ್ಟರ ಮಟ್ಟಿಗೆ ಸರಿ? ಅಳತೆಯ ಆಯ್ಕೆಯು ಯಾರಿಗೆ ನೆರವು ಸಿಗುತ್ತದೆ ಎಂಬುದನ್ನೂ ನಿರ್ಧರಿಸುತ್ತದೆಯೇ? ಬಲ್ಲವರು ವಿವರಿಸಬೇಕಾಗಿ ವಿನಂತಿ.

ಅರ್ಥಶಾಸ್ತ್ರ ಬೋಧಕ:

ರೇಖೆ ಏರಿದ್ದರ ಬಗ್ಗೆ ಮೊದಲು ಎರಡು ಮಾತು. ಈ ಡಾಲರ್ ವಿನಿಮಯ ದರದ ಡಾಲರ್ ಅಲ್ಲ. ಆಯಾ ದೇಶದಲ್ಲಿ ಹಣಕ್ಕೆ ಎಷ್ಟು ಸರಕು ಬರುತ್ತದೆ ಎಂಬ ಕೊಳ್ಳುವ ಶಕ್ತಿಯ ಹೋಲಿಕೆಯ ಮೇಲೆ ಲೆಕ್ಕ ಹಾಕಿದ್ದು. ಆ ಹೋಲಿಕೆಯನ್ನು ಹೊಸ ಬೆಲೆಗಳೊಂದಿಗೆ ಪರಿಷ್ಕರಿಸಿದಾಗ ಮತ್ತು ಕಡುಬಡ ದೇಶಗಳು ತಮ್ಮ ರಾಷ್ಟ್ರೀಯ ರೇಖೆಗಳನ್ನು ಬದಲಿಸಿಕೊಂಡಾಗ ಅಂತರರಾಷ್ಟ್ರೀಯ ರೇಖೆಯೂ ಬದಲಾಗುತ್ತದೆ. ದೇಶದೇಶಗಳನ್ನು ಹೋಲಿಸಲು ಅದು ಬೇಕು. ಆದರೆ ಒಂದು ದೇಶದೊಳಗಿನ ಯೋಜನೆಗೆ ಅದನ್ನು ಆಧಾರವಾಗಿ ಬಳಸುವುದು ಉಚಿತವಲ್ಲ ಎಂಬುದು ನನ್ನ ಅಭಿಪ್ರಾಯ.

ತಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಅದಕ್ಕೆ ಉತ್ತರ ಹೌದು, ಖಂಡಿತವಾಗಿ ನಿರ್ಧರಿಸುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಜನರಿದ್ದಾರೆ, ರೇಖೆ 100 ಎಂದಿಟ್ಟುಕೊಳ್ಳಿ. ಆರು ಜನ ರೇಖೆಯ ಮೇಲಿದ್ದಾರೆ. ಉಳಿದ ನಾಲ್ವರ ವೆಚ್ಚ ಕ್ರಮವಾಗಿ 95, 95, 60 ಮತ್ತು 30. ಬಡತನ ಶೇ. 40. ಸರ್ಕಾರದ ಕೈಯಲ್ಲಿ ಹಂಚಲು ಇರುವುದು 10 ಮಾತ್ರ. ಅದನ್ನು 95ರಲ್ಲಿರುವ ಇಬ್ಬರಿಗೆ ತಲಾ 5ರಂತೆ ಕೊಟ್ಟರೆ ಇಬ್ಬರೂ ರೇಖೆ ಮುಟ್ಟುತ್ತಾರೆ, ಬಡತನ ಒಮ್ಮೆಗೇ ಅರ್ಧಕ್ಕರ್ಧ ಇಳಿದು ಶೇ. 20 ಆಗುತ್ತದೆ. ಅದೇ ಹತ್ತನ್ನು 30ರಲ್ಲಿರುವವನಿಗೆ ಕೊಟ್ಟರೆ ಅವನು 40ಕ್ಕೆ ಏರುತ್ತಾನೆ, ಆದರೆ ಶೇಕಡಾವಾರು ಕದಲುವುದೇ ಇಲ್ಲ. ತಲೆ ಎಣಿಕೆಯೊಂದನ್ನೇ, ಅಂದರೆ ಬಡವರ ಶೇಕಡಾವಾರನ್ನಷ್ಟೇ, ಗುರಿಯಾಗಿಟ್ಟುಕೊಂಡ ಅಧಿಕಾರಿ ಯಾರ ಕಡೆಗೆ ನೋಡುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದೋಷವನ್ನು ಅಮರ್ತ್ಯ ಸೇನ್ 1976ರಲ್ಲಿಯೇ ಎತ್ತಿ ತೋರಿಸಿದ್ದರು. 1984ರಲ್ಲಿ ಫಾಸ್ಟರ್, ಗ್ರೀರ್ ಮತ್ತು ಥಾರ್ಬೆಕ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ರೂಪಿಸಿದ ಸೂಚ್ಯಂಕಗಳ ಕುಟುಂಬದಲ್ಲಿ ತಲೆ ಎಣಿಕೆಯ ಜೊತೆಗೆ ಬಡತನದ ಅಂತರ, ಅಂದರೆ ರೇಖೆಯನ್ನು ಮುಟ್ಟಲು ಇಡೀ ಜನಸಂಖ್ಯೆಗೆ ಸರಾಸರಿ ಎಷ್ಟು ಕೊರತೆಯಿದೆ ಎಂಬುದು, ಮತ್ತು ಆ ಅಂತರದ ವರ್ಗ, ಅಂದರೆ ಪ್ರತಿಯೊಬ್ಬರ ಕೊರತೆಯನ್ನು ಅದರಿಂದಲೇ ಗುಣಿಸಿ ತೆಗೆದ ಸರಾಸರಿ, ಈ ಎರಡೂ ಸೇರಿವೆ. ಮೇಲಿನ ಉದಾಹರಣೆಯಲ್ಲಿ ಅಂತರವು ಎರಡೂ ಸಂದರ್ಭಗಳಲ್ಲಿ ಶೇ. 12ರಿಂದ 11ಕ್ಕೆ ಇಳಿಯುತ್ತದೆ. ಅಂದರೆ ಹಣ ಯಾರಿಗೆ ಹೋಯಿತು ಎಂಬ ಭೇದ ಅದಕ್ಕೂ ಕಾಣುವುದಿಲ್ಲ. ವರ್ಗದ ಅಳತೆ ಮಾತ್ರ ಮೊದಲ ಹಂಚಿಕೆಯಲ್ಲಿ 6.55ರಿಂದ 6.50ಕ್ಕೂ ಎರಡನೆಯದರಲ್ಲಿ 5.25ಕ್ಕೂ ಇಳಿದು, ತೀರಾ ತಳದಲ್ಲಿರುವವನ ಕಡೆಗೆ ಹೆಚ್ಚು ತೂಗುತ್ತದೆ. ಬಹುತೇಕ ದೇಶಗಳ ವರದಿಗಳಲ್ಲಿ ಈ ಮೂರನೆಯ ಅಂಕಿ ಕೊನೆಯ ಪುಟಗಳ ಕೋಷ್ಟಕದಲ್ಲಿ ಉಳಿದುಬಿಡುವುದು ನನಗೆ ವಿಷಾದ ತರುವ ಸಂಗತಿ.

ಸಮೀಕ್ಷಕ:

ಬೋಧಕರು ಹೇಳಿದ್ದೆಲ್ಲವೂ 95, 60, 30 ಎಂಬ ಅಂಕಿಗಳು ಸರಿಯಾಗಿ ಕೈಗೆ ಬಂದಿವೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಮನೆ ಮನೆಗೆ ಹೋಗಿ ಆ ಅಂಕಿಗಳನ್ನು ಬರೆದುಕೊಳ್ಳುವವರಿಗೆ ಅದರ ಕಷ್ಟ ಗೊತ್ತು. "ಕಳೆದ ಮೂವತ್ತು ದಿನಗಳಲ್ಲಿ ಅಡುಗೆ ಎಣ್ಣೆಗೆ ಎಷ್ಟು ಖರ್ಚಾಯಿತು?" ಎಂದು ಕೇಳಿದರೆ ಗೃಹಿಣಿ ಸ್ವಲ್ಪ ಹೊತ್ತು ಯೋಚಿಸಿ ಒಂದು ಅಂದಾಜು ಹೇಳುತ್ತಾರೆ, ನಡುವೆ ಒಮ್ಮೆ ಚಿಲ್ಲರೆಯಾಗಿ ಕೊಂಡದ್ದು ಮರೆತುಹೋಗಿರುತ್ತದೆ. ಏಳು ದಿನಗಳದ್ದು ಕೇಳಿದರೆ ನೆನಪು ಚುರುಕಾಗಿರುತ್ತದೆ. ಆದರೆ ಎಂಟನೆಯ ದಿನ ಕೊಂಡ ವಸ್ತುವೂ ಒಮ್ಮೊಮ್ಮೆ ಆ ವಾರದೊಳಗೆ ನುಸುಳಿಬಿಡುತ್ತದೆ.

ಇದು ಅಲಕ್ಷಿಸಬಹುದಾದ ವ್ಯತ್ಯಾಸವಲ್ಲ. ಭಾರತದ 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಆಹಾರ ಪದಾರ್ಥಗಳಿಗೆ ಒಂದೇ ಮನೆಯವರನ್ನು ಏಳು ದಿನ ಮತ್ತು ಮೂವತ್ತು ದಿನ ಎರಡೂ ಅವಧಿಗಳ ಬಗ್ಗೆ ಕೇಳಿದ್ದರಿಂದ ಒಂದು ಉತ್ತರ ಇನ್ನೊಂದರ ಮೇಲೆ ಪ್ರಭಾವ ಬೀರಿತು. ಹೀಗಾಗಿ ಅಧಿಕೃತ ಬಡತನ 1993-94ರ ಶೇ. 36ರಿಂದ ಶೇ. 26ಕ್ಕೆ ಇಳಿಯಿತೆಂಬ ಹೇಳಿಕೆಯನ್ನು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಚರ್ಚಿಸಿದರು. 2011-12ರಲ್ಲಿಯೂ ಹೀಗೆಯೇ: 1.90 ಡಾಲರ್ ರೇಖೆಯಲ್ಲಿ ಎಲ್ಲ ವಸ್ತುಗಳಿಗೂ ಮೂವತ್ತು ದಿನಗಳ ಲೆಕ್ಕ ಹಿಡಿದರೆ ಬಡತನ ಶೇ. 21ರಷ್ಟು, ತರಕಾರಿ, ಎಣ್ಣೆ, ಮೊಟ್ಟೆಯಂಥವಕ್ಕೆ ಏಳು ದಿನ, ಬಟ್ಟೆ ಮತ್ತು ಶಿಕ್ಷಣದಂಥವಕ್ಕೆ ಒಂದು ವರ್ಷ ಎಂದು ಕೇಳಿದರೆ ಶೇ. 12ರಷ್ಟು. ಅದೇ ದೇಶ, ಅದೇ ವರ್ಷ, ಅದೇ ರೇಖೆ. ಬದಲಾದದ್ದು ಪ್ರಶ್ನೆ ಮಾತ್ರ. ಆದ್ದರಿಂದ ಯಾವುದೇ ದೇಶದ ಎರಡು ವರ್ಷಗಳ ಅಂಕಿಗಳನ್ನು ಹೋಲಿಸುವ ಮುನ್ನ ಎರಡೂ ಬಾರಿ ಪ್ರಶ್ನಾವಳಿ ಒಂದೇ ಆಗಿತ್ತೇ ಎಂದು ನೋಡಿಕೊಳ್ಳಬೇಕು.

ನಿತ್ಯ ಓದುಗ:

ವೆಚ್ಚದ ಲೆಕ್ಕದಲ್ಲಿ ಇಷ್ಟೊಂದು ಗೊಂದಲ ಇರುವುದಾದರೆ ಅದನ್ನು ಬಿಟ್ಟು ಬಹುಆಯಾಮದ ಬಡತನ ಸೂಚ್ಯಂಕವನ್ನೇ ಅನುಸರಿಸಬಾರದೇಕೆ? 2010ರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಪ್ರಕಟಿಸುತ್ತಿರುವ ಆ ಸೂಚ್ಯಂಕದಲ್ಲಿ ಆರೋಗ್ಯ, ಶಿಕ್ಷಣ, ಜೀವನ ಮಟ್ಟ ಎಂಬ ಮೂರು ಆಯಾಮಗಳಲ್ಲಿ ಹತ್ತು ಸೂಚಕಗಳಿವೆ. ಮನೆಯಲ್ಲಿ ಶೌಚಾಲಯವಿದೆಯೇ, ಮಗು ಶಾಲೆಗೆ ಹೋಗುತ್ತಿದೆಯೇ ಎಂಬುದನ್ನು ಯಾರೂ ಮರೆಯುವುದಿಲ್ಲ.

ಅರ್ಥಶಾಸ್ತ್ರ ಬೋಧಕ:

ಮರೆಯುವುದಿಲ್ಲ ಎಂಬುದು ನಿಜ, ಆದರೆ ಆ ಸೂಚ್ಯಂಕ ಆಘಾತಗಳಿಗೆ ಬೇಗ ಸ್ಪಂದಿಸುವುದಿಲ್ಲ. ಬರ ಬಂದು ಕೂಲಿ ನಿಂತ ವರ್ಷದಲ್ಲಿಯೂ ಶೌಚಾಲಯ ಅಲ್ಲೇ ಇರುತ್ತದೆ, ವಿದ್ಯುತ್ ಸಂಪರ್ಕವೂ ಇರುತ್ತದೆ, ಓದಿದ ವರ್ಷಗಳು ಕಡಿಮೆಯಾಗುವುದಿಲ್ಲ. ಒಲೆಯ ಮೇಲಿನ ಪಾತ್ರೆ ಮಾತ್ರ ಬರಿದಾಗಿರುತ್ತದೆ. ಶಾಲೆ, ನೀರಿನ ಹೂಡಿಕೆ ಎಲ್ಲಿ ಆಗಬೇಕೆಂದು ತಿಳಿಯಲು ಅದು ಒಳ್ಳೆಯ ಅಳತೆ, ವೆಚ್ಚದ ಸಮೀಕ್ಷೆಗೆ ಬದಲಿಯಲ್ಲ.

ಜಿಜ್ಞಾಸು:

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ತಳದಲ್ಲಿರುವವರನ್ನು ತಲುಪಿದ ಯೋಜನೆಗಳು ಯಾವುವು, ಮತ್ತು ಅವು ತಲುಪಿದವೆಂದು ತಿಳಿದದ್ದು ಹೇಗೆ?

ಗ್ರಾಮಾಭಿವೃದ್ಧಿ ಕಾರ್ಯಕರ್ತೆ:

ಎರಡನ್ನು ಹೆಸರಿಸಬಹುದು. ಮೆಕ್ಸಿಕೊ 1997ರಲ್ಲಿ ಆರಂಭಿಸಿದ ಪ್ರೋಗ್ರೆಸಾ ಯೋಜನೆಯಲ್ಲಿ ಮಕ್ಕಳ ಶಾಲಾ ಹಾಜರಿ ಮತ್ತು ಆರೋಗ್ಯ ತಪಾಸಣೆಯ ಷರತ್ತಿನ ಮೇಲೆ ತಾಯಂದಿರ ಕೈಗೆ ನಗದು ಕೊಡಲಾಯಿತು. ಒಂದೇ ಬಾರಿಗೆ ಎಲ್ಲೆಡೆ ಜಾರಿಗೊಳಿಸುವಷ್ಟು ಹಣ ಇಲ್ಲದ್ದರಿಂದ ಕೆಲವು ಗ್ರಾಮಗಳನ್ನು ಚೀಟಿ ಎತ್ತಿದಂತೆ ಮೊದಲು ಆಯ್ದು, ಉಳಿದವನ್ನು ನಂತರ ಸೇರಿಸಲಾಯಿತು. ಆ ನಡುವಿನ ಅವಧಿಯಲ್ಲಿ ಎರಡು ಗುಂಪುಗಳನ್ನು ಹೋಲಿಸಿ ನೋಡಿದ್ದರಿಂದಲೇ ಶಾಲಾ ದಾಖಲಾತಿ, ವಿಶೇಷವಾಗಿ ಪ್ರೌಢಶಾಲೆಗೆ ಹೋಗುವ ಹೆಣ್ಣುಮಕ್ಕಳದ್ದು, ಹೆಚ್ಚಿತೆಂದು ಖಚಿತವಾಗಿ ಹೇಳಲು ಸಾಧ್ಯವಾಯಿತು.

ಎರಡನೆಯದು ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ರೂಪಿಸಿದ ಕಾರ್ಯಕ್ರಮ. ಕಿರುಸಾಲ ಈ ಮಂದಿಯನ್ನು ತಲುಪುತ್ತಿರಲಿಲ್ಲ, ಏಕೆಂದರೆ ವಾರದ ಕಂತು ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಹಾಗಾಗಿ ಸಾಲದ ಬದಲು ಹಸು, ಮೇಕೆಯಂಥ ಆಸ್ತಿ, ಅದು ಫಲ ಕೊಡುವವರೆಗೆ ಊಟದ ಖರ್ಚಿಗೆ ಸ್ವಲ್ಪ ಹಣ, ತರಬೇತಿ, ಮತ್ತು ಮೇಲಿಂದ ಮೇಲೆ ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತೆ, ಇಷ್ಟನ್ನೂ ಒಟ್ಟಿಗೆ ಕೊಡಲಾಯಿತು. ಇದೇ ಮಾದರಿಯನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ ಮತ್ತು ಪೆರುವಿನಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆರವು ನಿಂತು ಒಂದು ವರ್ಷವಾದ ಮೇಲೂ ಒಟ್ಟಾರೆಯಾಗಿ ಆ ಕುಟುಂಬಗಳ ವೆಚ್ಚ ಮತ್ತು ಆಸ್ತಿ ಹೆಚ್ಚಿಯೇ ಇದ್ದವು. ಅವರಲ್ಲಿ ಅನೇಕರು ರೇಖೆ ದಾಟಿರಲಿಲ್ಲ. ತಲೆ ಎಣಿಕೆಯೊಂದರಿಂದ ಅಳೆದಿದ್ದರೆ ಅಂಥವರಿಗಾದ ಲಾಭ ವರದಿಯಲ್ಲಿ ಕಾಣುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ಮೇಲೇರಿದವರೆಲ್ಲ ಅಲ್ಲಿಯೇ ಉಳಿಯುವುದಿಲ್ಲ. ರಾಜಸ್ಥಾನ, ಕೀನ್ಯಾ, ಉಗಾಂಡಾದ ಹಳ್ಳಿಗಳಲ್ಲಿ ಸಂಶೋಧಕ ಅನಿರುದ್ಧ ಕೃಷ್ಣ ಅವರು ಕುಟುಂಬಗಳ ಹಿಂದಿನ ಸ್ಥಿತಿಯನ್ನು ಕೇಳಿ ದಾಖಲಿಸಿದಾಗ, ಕೆಲವರು ಬಡತನದಿಂದ ಹೊರಬರುತ್ತಿದ್ದ ಅವಧಿಯಲ್ಲಿಯೇ ಬೇರೆಯವರು ಅದರೊಳಗೆ ಬೀಳುತ್ತಿದ್ದುದು, ಮತ್ತು ಬೀಳುವುದಕ್ಕೆ ಕಾಯಿಲೆ ಹಾಗೂ ಅದರ ಚಿಕಿತ್ಸೆಯ ವೆಚ್ಚ ಪ್ರಮುಖ ಕಾರಣವಾಗಿದ್ದುದು ಕಂಡುಬಂದಿತು. ಪ್ರತಿ ಸಮೀಕ್ಷೆಯಲ್ಲಿ ಹೊಸ ಮನೆಗಳನ್ನು ಆಯ್ದರೆ ಈ ಏರಿಳಿತ ತಿಳಿಯುವುದಿಲ್ಲ. ಅದೇ ಮನೆಗಳಿಗೆ ಮರಳಿ ಹೋಗಬೇಕು. ದುಬಾರಿಯೇನೋ ಹೌದು, ವಲಸೆ ಹೋದವರನ್ನು ಹುಡುಕುವುದಂತೂ ಸಾಹಸವೇ ಸರಿ. ಹಣ ಕಡಿಮೆಯಿದ್ದರೆ ಸಮೀಕ್ಷೆಗೆ ಆಯ್ದ ಎಲ್ಲ ಮನೆಗಳನ್ನಲ್ಲದಿದ್ದರೂ ಅವುಗಳ ಒಂದು ಭಾಗವನ್ನಾದರೂ ಹೀಗೆ ಹಿಂಬಾಲಿಸಬಹುದು. ಆಸ್ಪತ್ರೆ ಖರ್ಚಿನ ಪ್ರಶ್ನೆಯನ್ನು ಆ ಭಾಗಕ್ಕೆ ತಪ್ಪದೆ ಸೇರಿಸಬೇಕು.