ಮನೆ ಸ್ಟುಡಿಯೋಗೆ ಗ್ಲೇಜು, ಮಣ್ಣು ಕಲಸೋ ಯಂತ್ರ: ಸೆರಾಮಿಕ್ ಎಂಜಿನಿಯರ್ ಜೊತೆ ಆನ್‌ಲೈನ್ ಪ್ರಶ್ನೋತ್ತರ

ತಿಗರಿ ಹಾಸನ: ಮೇಡಂ ನಮಸ್ತೆ. ತಿಂಗಳಿಗೆ 40 ಕೆಜಿ ಮಣ್ಣು ಬಳಸ್ತೀನಿ. ಮಣ್ಣು ಕಲಸೋ ಪಗ್‌ಮಿಲ್ ಯಂತ್ರ ತಗೊಳ್ಳೋದಾ?

ಎಂಜಿನಿಯರ್: ನಮಸ್ತೆ. ಬೇಡ. ಎರಡು ಬಕೆಟ್, 40 ಮೆಶ್ ಜರಡಿ (ಇಂಚಿಗೆ 40 ಕಣ್ಣು), ಒಂದು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಲಗೆ ಸಾಕು. ಉಳಿದ ಮಣ್ಣನ್ನು ಪೂರ್ತಿ ಒಣಗಿಸಿಯೇ ನೀರಿಗೆ ಹಾಕಿ. ಒಣ ಹೆಂಟೆ ತಾನಾಗಿ ಕರಗುತ್ತೆ. ಅರೆ ಒಣಗಿದ್ದು ವಾರ ಕಳೆದ್ರೂ ಗಂಟಾಗೇ ಇರುತ್ತೆ. ಜರಡಿ ಹಿಡಿದು ಹಲಗೆ ಮೇಲೆ ಎರಡು ಬೆರಳು ದಪ್ಪ ಹರಡಿ, ಅಂಚು ಏಳೋಕೆ ಶುರುವಾದಾಗ ತಿರುವಿ ಹಾಕಿ, ಆಮೇಲೆ ನಾದಿ. ಹಲಗೆಯನ್ನು ಕಬ್ಬಿಣದ ಕರಣೆಯಿಂದ ಕೆರೆಯಬೇಡಿ. ಪಿಒಪಿ ಚೂರು ಮಣ್ಣಿಗೆ ಸೇರಿದ್ರೆ, ಸುಟ್ಟ ಮೇಲೆ ತೇವ ಹೀರಿ ಉಬ್ಬಿ ಪಾತ್ರೆ ಮೈ ಚಕ್ಕೆ ಏಳುತ್ತೆ.

ಬಣ್ಣದ ಬಟ್ಟಲು: ಓಟಿಜಿಯಲ್ಲಿ ಗ್ಲೇಜು ಸುಡಬಹುದಾ?

ಎಂಜಿನಿಯರ್: ಆಗಲ್ಲ. ಓಟಿಜಿ ಅಡುಗೆಯ ಕರೆಂಟ್ ಓವನ್, ಹೆಚ್ಚೆಂದ್ರೆ 250 ಡಿಗ್ರಿ. ಗ್ಲೇಜು ಅಂದ್ರೆ ಪಾತ್ರೆ ಮೈ ಮೇಲಿನ ಗಾಜಿನ ಪದರ, ಅದಕ್ಕೆ 1000ದ ಆಸುಪಾಸು ಬೇಕು.

ಶಿವಮೊಗ್ಗ ಮಗ್ಗು: ಅಂಗಡಿಯಲ್ಲಿ ಗ್ಲೇಜಿಗೆ ಅಂತ ‘ಲೆಡ್ ಫ್ರಿಟ್’ (ಸೀಸ ಸೇರಿದ ಗಾಜಿನ ಪುಡಿ) ಕೊಟ್ರು. ಹಸಿರು ಬರಲಿ ಅಂತ ಶೇ. 3 ಕಾಪರ್ ಆಕ್ಸೈಡ್ ಸೇರಿಸಿ 1000ಕ್ಕೆ ಸುಟ್ಟೆ. ಹೊಳಪು ಚೆನ್ನಾಗಿದೆ. ಕಾಫಿ ಮಗ್ಗು, ಉಪ್ಪಿನಕಾಯಿ ಜಾಡಿಗೆ ಆಗುತ್ತಲ್ವಾ? ಕಿಲ್ನ್ (ಪಾತ್ರೆ ಸುಡೋ ಕುಲುಮೆ) ಅಡುಗೆಮನೆ ಬಾಲ್ಕನಿಯಲ್ಲಿದೆ, ಎರಡು ವರ್ಷದ ಮಗು ಇದೆ.

ಎಂಜಿನಿಯರ್: ಇವತ್ತೇ ನಿಲ್ಲಿಸಿ. ಸೀಸದ ಗ್ಲೇಜಿಗೆ ತಾಮ್ರ ಸೇರಿದ್ರೆ ಹುಳಿಗೆ ಬಿಟ್ಟುಕೊಡೋ ಸೀಸ ಇನ್ನೂ ಹೆಚ್ಚುತ್ತೆ. ಉಪ್ಪಿನಕಾಯಿ ಅಂದ್ರೆ ತಿಂಗಳುಗಟ್ಟಲೆ ಹುಳಿಯಲ್ಲಿ ನೆನೆಸಿಟ್ಟ ಹಾಗೆ. ಹೊಳಪು ನೋಡಿ ಏನೂ ಗೊತ್ತಾಗಲ್ಲ. ಲ್ಯಾಬ್‌ನಲ್ಲಿ ಶೇ. 4 ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಬಿಟ್ಟು, ಆ ದ್ರಾವಣದಲ್ಲಿ ಸೀಸ ಅಳೀತಾರೆ. ಮನೇಲಿ ವಿನೆಗರ್ ಹಾಕಿ ಬಣ್ಣ ಮಾಸಿದ್ರೆ ಗ್ಲೇಜು ಕೆಟ್ಟದ್ದು ಅಂತ ತಿಳಿಯುತ್ತೆ. ಮಾಸಲಿಲ್ಲ ಅಂದ್ರೆ ಸೀಸ ಇಲ್ಲ ಅಂತಲ್ಲ.

ಕಿಲ್ನೂ ಕೆಟ್ಟಿರುತ್ತೆ. ಸೀಸ ಆವಿಯಾಗಿ ಇಟ್ಟಿಗೆ, ಶೆಲ್ಫಿಗೆ ಕೂತಿರುತ್ತೆ; ಮುಂದೆ ಸೀಸವಿಲ್ಲದ ಪಾತ್ರೆ ಸುಟ್ರೂ ಅಂಟಬಹುದು. ಅದರಲ್ಲಿ ಊಟದ ಪಾತ್ರೆ ಸುಡಬೇಡಿ. ಬಾಲ್ಕನಿ, ಅಡುಗೆಮನೆ ನೆಲ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಎಸೆಯಿರಿ. ಮಗುವನ್ನು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ ಅಂತ ಬಾಯಿಬಿಟ್ಟು ಕೇಳಿ. ಮುಂದೆ ಬೇರೆ ಕಿಲ್ನಿನಲ್ಲಿ ಮಗ್ಗಿಗೆ ಸೀಸವಿಲ್ಲದ ಬೋರಾನ್ ಫ್ರಿಟ್. ಜಾಡಿಗೆ 1220 ಡಿಗ್ರಿಯ ಸ್ಟೋನ್‌ವೇರ್ ಮಣ್ಣು (ಸುಟ್ರೆ ಗಟ್ಟಿಯಾಗಿ ನೀರು ಅಷ್ಟಾಗಿ ಹೀರದ್ದು), ಅದೇ ಶಾಖದ ಗ್ಲೇಜು. ಮಣ್ಣು ಎಷ್ಟು ನೀರು ಹೀರುತ್ತೆ ಅಂತ ನೋಡೋಕೆ, ಗ್ಲೇಜಿಲ್ಲದ ಸುಟ್ಟ ತುಂಡನ್ನು ತೂಗಿ, ಐದು ಗಂಟೆ ಕುದಿಸಿ, ಅದೇ ನೀರಲ್ಲಿ ಒಂದು ದಿನ ಬಿಟ್ಟು, ಮೈ ಒರೆಸಿ ತೂಗಿ. ತೂಕ ಶೇ. 2ಕ್ಕಿಂತ ಹೆಚ್ಚು ಏರಿದ್ರೆ ಜಾಡಿಗೆ ಬೇಡ.

ಹಳ್ಳಿಮದ್ದು: ಗಾಬರಿ ಬೇಡ ಅಕ್ಕ. ಹುಣಸೆ ನೀರಲ್ಲಿ ಮೂರು ಸಲ ಕುದಿಸಿ ಚೆಲ್ಲಿದ್ರೆ ಸೀಸವೆಲ್ಲ ಹೋಗುತ್ತೆ. ಫಾರ್ವರ್ಡ್ ಹಾಕಿದ್ದೀನಿ ನೋಡಿ.

ಎಂಜಿನಿಯರ್: ಹುಳಿ ಸೀಸ ಎಳೆಯುತ್ತೆ ಅನ್ನೋದು ನಿಜ. ಮೂರು ಸಲಕ್ಕೆ ಮುಗಿಯುತ್ತೆ ಅನ್ನೋದು ಸುಳ್ಳು. ನಾಲ್ಕನೇ ಸಲದ್ದು ಸಾರಿಗೆ ಬರುತ್ತೆ. ಅಳಿಸಿ ಅದನ್ನ.

ಹೆಂಚಿನಮನೆ: ಮನೆಗೆ ಸಿಂಗಲ್ ಫೇಸ್ ಇದೆ. 1220ರ ಕಿಲ್ನ್ ಎಷ್ಟು ದೊಡ್ಡದು ಹಾಕಬಹುದು?

ಕೆಸರುಗೈ: ಪಗ್‌ಮಿಲ್ ಯಾಕ್ರೀ, ಇಡ್ಲಿ ಗ್ರೈಂಡರ್ ಸಾಕು. ಮಣ್ಣು ಬೆಣ್ಣೆ.

ತಿಗರಿ ಹಾಸನ: ಕಾಲಲ್ಲಿ ತುಳಿದ ಹದ ಯಾವ ಯಂತ್ರಕ್ಕೂ ಬರಲ್ಲ.

ಕೆಸರುಗೈ: ಹಾಗಾದ್ರೆ ಪಗ್‌ಮಿಲ್ ಯಾಕೆ ಕೇಳಿದ್ರಿ?

ತಿಗರಿ ಹಾಸನ: ಕೇಳೋದೂ ತಪ್ಪಾ? ನೀವು ಅದೇ ಗ್ರೈಂಡರಲ್ಲಿ ಇಡ್ಲಿ ಹಿಟ್ಟೂ ರುಬ್ತೀರೇನೋ.

ಎಂಜಿನಿಯರ್: ಗ್ರೈಂಡರ್‌ನಲ್ಲಿ ತೆಳು ಸ್ಲಿಪ್ (ನೀರು ನೀರಾದ ಮಣ್ಣು) ಆಗುತ್ತೆ. ನಾದೋ ಹದದ ಮಣ್ಣಿಗೆ ಕಲ್ಲು ನಿಲ್ಲುತ್ತೆ, ಮೋಟಾರ್ ಸುಡುತ್ತೆ. ಅಡುಗೆಗೆ ವಾಪಸ್ ಬಳಸಬೇಡಿ.

ಬಣ್ಣದ ಬಟ್ಟಲು: ಗ್ಲೇಜು ತುಂಬಾ ಕೂದಲೆಳೆ ಬಿರುಕು. ಮೈಕ್ರೋವೇವ್‌ನಲ್ಲಾದ್ರೂ ಮತ್ತೆ ಸುಡಬಹುದಾ?

ಎಂಜಿನಿಯರ್: ಇಲ್ಲ ಅಂದೆ. ಸುಟ್ಟು ತಣ್ಣಗಾಗುವಾಗ ಗ್ಲೇಜು ಮಣ್ಣಿಗಿಂತ ಹೆಚ್ಚು ಕುಗ್ಗಿದೆ, ಅದಕ್ಕೇ ಬಿರುಕು. ಗ್ಲೇಜಿಗೆ ಕ್ವಾರ್ಟ್ಜ್ ಪುಡಿ ನೂರಕ್ಕೆ 3ರಿಂದ 5 ಭಾಗ ಏರಿಸಿ, ಚೂರಿನ ಮೇಲೆ ಪರೀಕ್ಷಿಸಿ. ಪುಡಿ ತೂಗುವಾಗ ಎನ್95 ಮಾಸ್ಕ್.

ಹಳ್ಳಿಮದ್ದು: ಅಜ್ಜಿ ಕಾಲದ ಭರಣಿಯಲ್ಲಿ ತಿಂದವರು ಯಾರೂ ಸಾಯಲಿಲ್ಲ ಮೇಡಂ.

ಎಂಜಿನಿಯರ್: ಆ ಕಂದು-ಬಿಳಿ ಭರಣಿ ಸ್ಟೋನ್‌ವೇರ್ ಕಣ್ರೀ, 1000 ಡಿಗ್ರಿಯ ಸೀಸದ ಗ್ಲೇಜಲ್ಲ. ಫಾರ್ವರ್ಡ್ ಇನ್ನೂ ಅಳಿಸಿಲ್ಲ ನೀವು.

ಶಿವಮೊಗ್ಗ ಮಗ್ಗು: ಮೇಡಂ, ಆರು ಮಗ್ಗು ಮಾರಿಬಿಟ್ಟಿದ್ದೀನಿ.

ಎಂಜಿನಿಯರ್: ಫೋನ್ ಮಾಡಿ ವಾಪಸ್ ತರಿಸಿ. ಗಿಡದ ಕುಂಡ ಮಾಡ್ಕೊಳ್ಳಿ ಅಂತ ಯಾರಿಗೂ ಕೊಡಬೇಡಿ, ನಾಳೆ ಅದರಲ್ಲೇ ಯಾರೋ ಮಜ್ಜಿಗೆ ಕುಡೀತಾರೆ. ಒಡೆದು, ಉಳಿದ ಪುಡಿ ಜೊತೆ ಮುಚ್ಚಳದ ಡಬ್ಬಿಗೆ ಹಾಕಿ ಮೇಲೆ ‘ಸೀಸ’ ಅಂತ ಬರೆದಿಡಿ. ಸಿಂಕಿಗೆ ಸುರೀಬೇಡಿ.