ಲೆಟ್ರೋಜೋಲ್ ಶುರುವಾದ ಮೇಲೆ ವಸಡಿನಲ್ಲಿ ರಕ್ತ, ನಿಮಗೂ ಹೀಗಾಗಿತ್ತಾ?

ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್ ಆಪರೇಷನ್, ರೇಡಿಯೇಷನ್ ಎಲ್ಲಾ ಮುಗಿದು 8 ತಿಂಗಳಿಂದ ಲೆಟ್ರೋಜೋಲ್ (ಕ್ಯಾನ್ಸರ್ ಮರಳದಿರಲಿ ಅಂತ ಕೊಡೋ ಹಾರ್ಮೋನ್ ತಗ್ಗಿಸೋ ಮಾತ್ರೆ) ತಗೊಳ್ತಿದ್ದಾರೆ. ಈಗ ಹಲ್ಲುಜ್ಜಿದರೆ ರಕ್ತ ಬರುತ್ತೆ, ಬಾಯಿ ಸದಾ ಒಣಗಿರುತ್ತೆ. ಒಂದು ದವಡೆ ಹಲ್ಲು ಅಲ್ಲಾಡ್ತಿದೆ, ಕೀಳಿಸಿಬಿಡ್ತೀನಿ ಅಂತಾರೆ. ಮಾತ್ರೆಯಿಂದಲೇ ಹೀಗಾಗಿದ್ದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

*

ಮೊದಲು ಒಂದು ಪ್ರಶ್ನೆ: ಅಮ್ಮನಿಗೆ ಮೂಳೆ ಗಟ್ಟಿಯಾಗಲಿ ಅಂತ ಇಂಜೆಕ್ಷನ್ ಏನಾದರೂ ಕೊಟ್ಟಿದ್ದಾರಾ? ಝೋಲೆಡ್ರೋನಿಕ್ ಆಸಿಡ್ ಅಥವಾ ಡೆನೋಸುಮ್ಯಾಬ್? ಫೈಲ್ ತೆಗೆದು ನೋಡಿ. ಅದು ಗೊತ್ತಾಗೋವರೆಗೂ ಹಲ್ಲು ಕೀಳಿಸಬೇಡಿ, ಆ ಇಂಜೆಕ್ಷನ್ ಆದವರಿಗೆ ಕಿತ್ತ ಜಾಗದ ಮೂಳೆ ಮಾಯದೇ ಇರಬಹುದು.

ನಂದು ಅನಾಸ್ಟ್ರೋಜೋಲ್, ನಾಲ್ಕನೇ ವರ್ಷ. ಅದೂ ಲೆಟ್ರೋಜೋಲೂ ಒಂದೇ ಗುಂಪಿನ ಔಷಧಿ, ಮುಟ್ಟು ನಿಂತವರ ಮೈಯಲ್ಲಿ ಉಳಿದಿರೋ ಅಷ್ಟಿಷ್ಟು ಈಸ್ಟ್ರೋಜೆನ್ನನ್ನೂ ತಳಕ್ಕೆ ಇಳಿಸಿಬಿಡುತ್ತೆ. ವಸಡಿಗೂ ದವಡೆ ಮೂಳೆಗೂ ಆ ಹಾರ್ಮೋನ್ ಆಸರೆ ಬೇಕು. ಹಾಗಂತ ಎಲ್ಲಾ ತಪ್ಪನ್ನೂ ಮಾತ್ರೆ ಮೇಲೆ ಹೊರಿಸೋಕೆ ಆಗಲ್ಲ. ಹಲ್ಲಿನ ಬುಡದಲ್ಲಿ ಕೂತ ಪಾಚಿಯೇ ವಸಡಿನ ರೋಗಕ್ಕೆ ಮೂಲ. ನನಗೆ ಮೊದಲೇ ಸ್ವಲ್ಪ ಇತ್ತು, ನೋವಿಲ್ಲ ಅಂತ ಸುಮ್ಮನಿದ್ದೆ. ವಸಡಿನ ತಜ್ಞರ ಹತ್ತಿರ ಬುಡದವರೆಗೆ ಕ್ಲೀನಿಂಗ್ ಮಾಡಿಸಿದ ಮೇಲೆ ರಕ್ತ ನಿಂತಿತು. ಈಗ ಮೂರು ತಿಂಗಳಿಗೊಮ್ಮೆ ಹೋಗ್ತೀನಿ. ಮೆತ್ತನೆ ಬ್ರಶ್, ಹಲ್ಲಿನ ಸಂದಿಗೆ ಚಿಕ್ಕ ಬ್ರಶ್, ಫ್ಲೋರೈಡ್ ಪೇಸ್ಟ್. ರಕ್ತ ಬರುತ್ತೆ ಅಂತ ಆ ಜಾಗ ಉಜ್ಜದೇ ಬಿಟ್ಟರೆ ಇನ್ನೂ ಕೆಡುತ್ತೆ, ಇದನ್ನ ಅಮ್ಮನಿಗೆ ಒತ್ತಿ ಹೇಳಿ.

*

ಮೇಲೆ ಹೇಳಿದ ಇಂಜೆಕ್ಷನ್ ವಿಷಯ ನಮ್ಮ ಅಕ್ಕನಿಗೆ ಆಗಿದ್ದೇ. ಹಲ್ಲಿನ ಡಾಕ್ಟರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಿತ್ತ ಜಾಗ ಎರಡು ತಿಂಗಳಾದರೂ ಮಾಯಲಿಲ್ಲ, ಒಳಗಿನ ಮೂಳೆ ಕಾಣ್ತಿತ್ತು. ಆರು ತಿಂಗಳಿಗೊಮ್ಮೆ ತಗೊಳ್ಳೋರಲ್ಲಿ ಹೀಗಾಗೋದು ಅಪರೂಪವಂತೆ, ಆದರೆ ಆದವರಿಗೆ ಊಟವೇ ಶಿಕ್ಷೆ. ಇಂಜೆಕ್ಷನ್ ಇನ್ನೂ ಶುರುವಾಗಿಲ್ಲ ಅಂದ್ರೆ ಹಲ್ಲಿನ ಕೆಲಸ ಈಗಲೇ ಮುಗಿಸಿಕೊಳ್ಳಿ. ಶುರುವಾಗಿದ್ದರೆ ಇಬ್ಬರು ಡಾಕ್ಟರೂ ಮಾತಾಡಿಕೊಂಡು ತೀರ್ಮಾನಿಸಲಿ.

*

ಒಣ ಬಾಯಿಗೆ: ಆಗಾಗ ಗುಟುಕು ನೀರು, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್. ಆಲ್ಕೋಹಾಲ್ ಇರೋ ಮೌತ್‌ವಾಶ್ ಬೇಡ, ಇನ್ನೂ ಒಣಗಿಸುತ್ತೆ. ಕ್ಲೋರ್‌ಹೆಕ್ಸಿಡಿನ್ ಅನ್ನೋ ಕೀಟಾಣುನಾಶಕ ಮೌತ್‌ವಾಶ್ ಬರೆದುಕೊಟ್ಟರೆ ಹೇಳಿದಷ್ಟೇ ದಿನ ಬಳಸಿ, ಹಲ್ಲಿಗೆ ಕಂದು ಕಲೆ ಹಿಡಿಯುತ್ತೆ.

ಇನ್ನೊಂದು ಮಾತು, ಕೈಮುಗಿದು ಹೇಳ್ತೀನಿ. ವಸಡಿಗೋಸ್ಕರ ಅಂತ ಲೆಟ್ರೋಜೋಲ್ ನಿಲ್ಲಿಸೋಕೆ ಬಿಡಬೇಡಿ. ಕ್ಯಾನ್ಸರ್ ಮರಳದ ಹಾಗೆ ಕಾಯ್ತಿರೋದು ಅದೇ. ತಡೆಯೋಕಾಗದಿದ್ದರೆ ಬೇರೆ ಮಾತ್ರೆಗೆ ಬದಲಾಯಿಸಬಹುದಾ ಅಂತ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ.

*

ಪ್ರಶ್ನೆ ಕೇಳಿದವಳು ನಾನೇ. ಫೈಲ್ ನೋಡಿದೆ, ಝೋಲೆಡ್ರೋನಿಕ್ ಆಸಿಡ್ ಒಂದು ಸಲ ಆಗಿದೆ. ನಾಳೆಯ ಹಲ್ಲಿನ ಅಪಾಯಿಂಟ್‌ಮೆಂಟ್ ಬರೀ ತಪಾಸಣೆಗೆ ಅಂತ ಬದಲಾಯಿಸಿದ್ದೀನಿ, ಫೈಲ್ ಜೊತೆಗೇ ಒಯ್ಯುತ್ತೀವಿ.